ಹಲ್ಲು ಮುಟ್ಟಿದವರ ಪಟ್ಟಿ

ಮನೆತನದಲ್ಲಿ ಮೊದಲು ಪದವಿ ಪಡೆದವನ ಕಷ್ಟ ಎರಡನೆಯವನಿಗೆ ತಿಳಿಯುವುದಿಲ್ಲ. ಎರಡನೆಯವನು ತಪ್ಪು ಮಾತನಾಡಿದರೆ ಅದು ಅವನೊಬ್ಬನ ತಪ್ಪು. ಮೊದಲನೆಯವನು ಮಾತನಾಡಿದರೆ ಇಡೀ ಬೀದಿಯ ತಪ್ಪು. ಆದ್ದರಿಂದ ಗುಂಡ್ಲುಪೇಟೆಯ ಕಾಲೇಜಿನಲ್ಲಿ ಓದಿದ ಮೂರು ವರ್ಷವೂ ನನ್ನ ಬಾಯಿಗೆ ನಾನೇ ಕಾವಲು ನಿಂತಿದ್ದೆ. ನಮ್ಮ ಕಡೆ ಹಕಾರವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. 'ಓಗು' ಎಂದರೂ ಜನ ಹೋಗುತ್ತಾರೆ, ಯಾರೂ ದಾರಿ ತಪ್ಪಿದ ಉದಾಹರಣೆಯಿಲ್ಲ. ನಾನು ಮಾತ್ರ ಹಾಸ್ಟೆಲಿನ ಬಚ್ಚಲಿನಲ್ಲಿ ನಿಂತು 'ಹಾಲು, ಹಣ್ಣು, ಹಲ್ಲು' ಎಂದು ಅಭ್ಯಾಸ ಮಾಡಿ ಮಾಡಿ, ಕೊನೆಗೆ ಅಕ್ಕಿಯನ್ನೂ 'ಹಕ್ಕಿ' ಎನ್ನುವ ಮಟ್ಟ ತಲುಪಿದ್ದೆ. ಅಡುಗೆಯವರು ಒಂದು ದಿನ ಸೌಟು ಹಿಡಿದು, "ಸಾರ್, ಇನ್ನೊಂಚೂರು ಹಕ್ಕಿ ಅನ್ನ ಬಡುಸ್ಲಾ?" ಎಂದು ಕೇಳಿದ ಮೇಲೆ ಆ ವಿಷಯದಲ್ಲಿ ಸ್ವಲ್ಪ ಹಿಂದೆ ಸರಿದೆ.

ಇಂಥ ಎಚ್ಚರಿಕೆಯ ಮನುಷ್ಯನ ಕಣ್ಣೆದುರಿಗೇ ಸಾವಿರಾರು ವರ್ಷಗಳ ಹಿಂದಿನ ಒಂದು ಹಲ್ಲು ಕೆಟ್ಟಿತು. ಅದರ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಾಗಿ ಅಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಚಂದಕವಾಡಿಯ ಆಚೆ ನಮ್ಮೂರಿನ ಬಸವಣ್ಣಪ್ಪನವರ ಅರಿಸಿನದ ಹೊಲವಿದೆ. ಅದರ ಮೂಲೆಯಲ್ಲಿ ದುಂಡಗೆ ನೆಟ್ಟ ಹಳೆಯ ಕಲ್ಲುಗಳಿವೆ. ಊರಿನವರು 'ಪಾಂಡವರ ಗುಡಿ' ಎನ್ನುತ್ತಾರೆ. ಸಂಶೋಧಕರ ತಂಡವೊಂದು ಬಂದು, ಅದು ಬಲು ಹಿಂದಿನ ಜನರ ಸಮಾಧಿಯೆಂದು ಹೇಳಿ ಅಗೆಯಲಾರಂಭಿಸಿತು. ತಂಡದ ಮುಖ್ಯಸ್ಥೆಯಾದ ಮೇಡಂ ನನಗೆ ವಿವರಿಸಿದ್ದಿಷ್ಟು: ಹಲ್ಲಿನೊಳಗೋ ಮೂಳೆಯೊಳಗೋ ಆ ಕಾಲದ ಡಿಎನ್‌ಎ ಒಂದು ಚೂರು ಉಳಿದಿದ್ದರೆ, ಆ ಜನ ಎಲ್ಲಿಂದ ಬಂದರು, ದಾರಿಯಲ್ಲಿ ಯಾರೊಡನೆ ಬೆರೆತರು, ಇಂದಿನವರಲ್ಲಿ ಯಾರ ಯಾರ ಮೈಯಲ್ಲಿ ಉಳಿದಿದ್ದಾರೆ ಎಂಬುದನ್ನು ಓದಬಹುದು. ಆದರೆ ನಮ್ಮ ಬಿಸಿಲೂ ಮಣ್ಣೂ ಅದನ್ನು ಹೆಚ್ಚು ಕಾಲ ಉಳಿಯಗೊಡುವುದಿಲ್ಲ. ಉಳಿದ ಚೂರಿನ ಮೇಲೆ ಬದುಕಿರುವವರ ಬೆವರೋ ಉಗುಳೋ ಬಿದ್ದರೆ, ಹಳಬರ ದನಿ ಹೊಸಬರ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ನಾನು ಆ ತಂಡದ ಕ್ಷೇತ್ರ ಸಹಾಯಕ. ಹುದ್ದೆ ತಾತ್ಕಾಲಿಕ, ಮುಂದಿನ ಹಂಗಾಮಿಗೂ ನನ್ನನ್ನು ಕರೆಯುತ್ತಾರೋ ಇಲ್ಲವೋ ಎಂಬುದು ಮೇಡಂ ಅವರ ಕೈಯಲ್ಲಿತ್ತು. ಕೆಲಸವೇನೆಂದರೆ, ಕೈಗವಸು ಮತ್ತು ಬಾಯಿಬಟ್ಟೆ ಇಲ್ಲದವರಿಗೆಲ್ಲ 'ಮುಟ್ಟಬೇಡಿ' ಎನ್ನುವುದು. ನಮ್ಮ ತಾತ ಆಯುಷ್ಯವಿಡೀ ಇತರರ ಬಾಯಿಂದ ಕೇಳಿಸಿಕೊಂಡ ಮಾತನ್ನು ಮೊಮ್ಮಗನಾದ ನಾನು ಸಂಬಳ ಪಡೆದು ಹೇಳುವ ಕೆಲಸ. ಆ ಕಲ್ಲುಗಳ ನಡುವೆ ಎಲ್ಲರೂ ಸಮಾನವಾಗಿ ಮೈಲಿಗೆಯಾಗಿದ್ದರು, ಮೇಡಂ ಸಹ. ಬಸವಣ್ಣಪ್ಪನವರಿಗೆ ನಾನು ದಿನಕ್ಕೆ ನಾಲ್ಕು ಬಾರಿ "ದಯವಿಟ್ಟು ದೂರ ನಿಲ್ಲಿ" ಎಂದು ಹೇಳುತ್ತಿದ್ದೆ. ಅದರಲ್ಲಿದ್ದ ಸುಖವನ್ನು ವಿವರಿಸಲು ಹೋಗುವುದಿಲ್ಲ.

ಈ ವೃತ್ತಾಂತದಲ್ಲಿ ನನಗೆ ನಾಚಿಕೆಯಾಗುವ ಭಾಗ ಒಂದೇ ಇದೆ; ಅದನ್ನೂ ಹೇಳಿಬಿಡುತ್ತೇನೆ. ಮಣ್ಣು ಹೊರುವ ಹೆಂಗಸರಲ್ಲಿ ನಮ್ಮ ಅವ್ವ ಚಿಕ್ಕತಾಯಮ್ಮನೂ ಇದ್ದಳು. ಕೆಲಸ ಶುರುವಾಗುವ ಮೊದಲೇ ಅವಳು ನನ್ನನ್ನು ಬೇವಿನ ಮರದ ಹಿಂದಕ್ಕೆ ಕರೆದು, "ನಿಮ್ ಮೇಡಮ್ನೋರ್ ಮುಂದೆ ಅವ್ವ ಗಿವ್ವ ಅನ್ಬೇಡ ಕನ್ ಮೊಗಾ. ಮಣ್ಣೊರೋಳ್ ಮಗ ಅಂದ್ರೆ ಮರ್ವಾದಿ ಕೊಟ್ಟಾರಾ? ನಾನೂ ಸಾರ್ ಅಂತೀನಿ ಬುಡು" ಎಂದಳು. ನಾನು ಒಪ್ಪಿಕೊಂಡೆ. ಊರಿನವರೆಲ್ಲ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಈ ನಾಟಕಕ್ಕೆ ಸಹಕರಿಸಿದರು. ಅವ್ವ ಮಾತ್ರ ಪಾತ್ರವನ್ನು ಮನೆಗೂ ತಂದಳು. "ಸಾರ್, ಮುದ್ದೆ ಆರೋಯ್ತದೆ, ದಯವಿಟ್ಟು ಉಣ್ಣಿ" ಎಂದು ತಟ್ಟೆಯನ್ನು ನನ್ನ ಮುಂದೆ ಕುಕ್ಕುತ್ತಿದ್ದಳು.

ಒಂದು ಬೆಳಿಗ್ಗೆ ಮೇಡಂ ಇನ್ನೊಂದು ಗುಂಡಿಯ ಬಳಿಯಿದ್ದಾಗ, ಅವ್ವ ಕೂತಿದ್ದ ಕಡೆ ಮಣ್ಣು ಕುಸಿದು ಒಂದು ದವಡೆ ಕಾಣಿಸಿತು. ಅದರಲ್ಲೊಂದು ಹಲ್ಲು, ನಿನ್ನೆ ಮೊನ್ನೆ ಉಜ್ಜಿದಂತೆ ಗಟ್ಟಿಯಾಗಿತ್ತು. ಅಷ್ಟು ದಿನ ಅಗೆದದ್ದರಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ಅವ್ವ ಬಗ್ಗಿ ನೋಡಿದಳು. "ಯಾರ್ ಎತ್ತ ಮೊಗವೋ ಏನೋ, ಮಕ ಎಲ್ಲ ಮಣ್ಣಾಗದಲ್ಲ" ಎಂದಳು. ಎಂದವಳೇ ಸೆರಗಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡಳು. ಶಾಲೆಗೆ ಹೊರಟ ನನ್ನ ಕೆನ್ನೆಯನ್ನು ಪ್ರತಿದಿನ ಒರೆಸುತ್ತಿದ್ದುದು ಹಾಗೆಯೇ.

ಅವಳನ್ನು ತಡೆಯಲು ಒಂದೇ ಒಂದು ಶಬ್ದ ಸಾಕಾಗಿತ್ತು. 'ಅವ್ವಾ' ಎಂದು ಕೂಗಿದ್ದರೆ ಅವಳು ಎಲ್ಲಿದ್ದರೂ ತಿರುಗುತ್ತಾಳೆ. ನಾನು ಕೂಗಲಿಲ್ಲ. ಉಚ್ಚಾರ ಸ್ಪಷ್ಟವಾಗಲೆಂದು ಬಾಯಿಬಟ್ಟೆಯನ್ನು ಕೆಳಗೆಳೆದು, ಗುಂಡಿಯ ಮೇಲೆ ಬಾಗಿ, "ತಾಯಿಯವರೇ, ದಯವಿಟ್ಟು ತಾವು ಪ್ರಾಚೀನ ಅವಶೇಷವನ್ನು ಬರಿಗೈಯಿಂದ ಸ್ಪರ್ಶಿಸಬಾರದೆಂದು ವಿನಂತಿ" ಎಂದೆ. ವಾಕ್ಯದಲ್ಲಿ ದೋಷವಿರಲಿಲ್ಲ. ಆದರೆ ಅದು ಮುಗಿಯುವಷ್ಟರಲ್ಲಿ ಹಲ್ಲನ್ನು ಎರಡು ಬಾರಿ ಒರೆಸಿಯಾಗಿತ್ತು. ಸುದ್ದಿ ತಿಳಿದು ಓಡಿಬಂದ ಬಸವಣ್ಣಪ್ಪನವರು, "ನಮ್ ಒಲ್ದಲ್ ಸಿಕ್ದೋರು ನಮ್ ಇರೀಕ್ರೇ ಕನಯ್ಯಾ" ಎಂದು ಹಲ್ಲನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು.

ಮೇಡಂ ಬಂದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಒಂದು ನಮೂನೆಯನ್ನು ನನ್ನ ಕೈಗಿತ್ತು, ಮುಟ್ಟಿದವರು, ಹತ್ತಿರ ನಿಂತು ಉಸಿರಾಡಿದವರು ಎಲ್ಲರ ಹೆಸರನ್ನೂ ನಾಳೆಯೊಳಗೆ ಬರೆಯಲು ಹೇಳಿದರು. ಎಲ್ಲರೂ ಪುಟ್ಟ ಶೀಶೆಯಲ್ಲಿ ಉಗುಳು ಕೊಡಬೇಕು. ಹಲ್ಲಿನ ಮೇಲಿರುವುದರಲ್ಲಿ ನಮ್ಮದನ್ನು ಗುರುತಿಸಿ ಕಳೆಯಲು ಅದು ಬೇಕಂತೆ. "ಒಂದು ಹೆಸರು ಬಿಟ್ಟರೂ ಅವರ ಡಿಎನ್‌ಎಯನ್ನೇ ಹಳಬರದ್ದು ಎಂದುಕೊಂಡುಬಿಡುತ್ತೇವೆ" ಎಂದರು. ನಮೂನೆಯ ಕೊನೆಯ ಅಂಕಣ: 'ಪಟ್ಟಿಯಲ್ಲಿರುವ ಇತರರೊಡನೆ ರಕ್ತಸಂಬಂಧ'.

ಬಸವಣ್ಣಪ್ಪನವರು ಶೀಶೆಯನ್ನು ಕಂಡು ಹೌಹಾರಿದರು. "ನನ್ ಎಂಜ್ಲ ಉಗುದ್ ಕೊಡ್ಬೇಕಾ? ನಮ್ ಮನ್ತನ ಎಂತಾದ್ದು ಗೊತ್ತೇನ್ಲಾ ನಿಂಗೆ?"

"ಅದನ್ನೇ ತಿಳಿಯಬೇಕಾಗಿದೆ" ಎಂದೆ.

ಅವರು, "ಆಯ್ತು, ಬರ್ಕೊ. ನನ್ ಎಸ್ರು ಮೇಲಿರ್ಲಿ. ಕೂಲಿಯೋರ್ದ ಬ್ಯಾರೆ ಆಳೇಲಿ ಬರ್ಕೊ" ಎಂದರು.

ಮನೆಯಲ್ಲಿ ಅವ್ವನದು ಇನ್ನೊಂದು ರಾಗ. "ನನ್ ಎಸ್ರೇ ಬ್ಯಾಡ ಕನ್ ಮೊಗಾ. ಯಾವಳೋ ಕೂಲಿಯೋಳು ಒರುಸ್ಬುಟ್ಳು, ಓಡ್ಸ್ಬುಟ್ಟೆ ಅನ್ನು. ನಿನ್ ಕೆಲ್ಸ ಉಳ್ಕತದೆ."

ಆಗ ನಾನು ಧೈರ್ಯದಿಂದ ಎದ್ದು ನಿಂತೆನೆಂದು ಬರೆಯುವ ಆಸೆಯಿದೆ. ಸತ್ಯವೇನೆಂದರೆ, ಮೊದಲು ನನಗೆ ಹೆದರಿಕೆಯಾಯಿತು. ತಾಯಿಯ ಕಡೆಯಿಂದ ಮಾತ್ರ ಮಕ್ಕಳಿಗೆ ಇಳಿದುಬರುವ ಒಂದು ಬಗೆಯ ಡಿಎನ್‌ಎ ಇದೆಯೆಂದು ಮೇಡಂ ಹೇಳಿದ್ದು ನೆನಪಾಯಿತು. ಕಾಗದದಲ್ಲಿ ಅವ್ವನನ್ನು ಅಡಗಿಸಿಟ್ಟರೂ, ಹಲ್ಲಿನ ಮೇಲಿನ ಅವಳ ಉಗುಳಿಗೆ ಹೊಂದಿಕೊಂಡು ನನ್ನ ಉಗುಳೇ ಚಾಡಿ ಹೇಳುತ್ತದೆ. ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಯಾರದೋ ಮಗುವಿಗೆ ತಾಯಿ ಯಾರೆಂದು ಹುಡುಕಲು ಇಷ್ಟು ಜನ ಬಿಸಿಲಿನಲ್ಲಿ ಒಣಗುತ್ತಿರುವಾಗ, ಎದುರಿಗೇ ಕೂತು ಮುದ್ದೆ ತಿರುವುತ್ತಿರುವ ನನ್ನ ತಾಯಿಯನ್ನು ನಾನು 'ಯಾವಳೋ' ಎಂದು ಬರೆಯಬೇಕೆ? ಬರೆಯಲಿಲ್ಲ. ಒಂದೇ ಹಾಳೆಯಲ್ಲಿ, ಅಕಾರಾದಿಯಾಗಿ, ಎಲ್ಲರನ್ನೂ ಬರೆದೆ. ಚಿಕ್ಕತಾಯಮ್ಮ ಮೊದಲು, ಬಸವಣ್ಣಪ್ಪನವರು ಆಮೇಲೆ, ಮಹದೇವನಾದ ನಾನು ಕೊನೆಗೆ. ಬಸವಣ್ಣಪ್ಪನವರು ಕೇಳಿದಾಗ, "ಅಕ್ಷರಮಾಲೆಯ ಕ್ರಮ, ನಾನು ಮಾಡಿದ್ದಲ್ಲ" ಎಂದೆ. ಅವರು ಗೊಣಗುತ್ತಲೇ ಶೀಶೆ ತುಂಬಿಸಿದರು.

ಮೇಡಂ ಹಾಳೆಯನ್ನು ಓದಿ ಕನ್ನಡಕ ತೆಗೆದರು. "ಚಿಕ್ಕತಾಯಮ್ಮ ನಿಮ್ಮ..." ಎಂದು ನಿಲ್ಲಿಸಿ, "ಇಲ್ಲಿ 'ಅವ್ವ' ಎಂದು ಬರೆದಿದ್ದೀರಿ. ನಮೂನೆಯಲ್ಲಿ 'ತಾಯಿ' ಎಂದಿರಬೇಕು" ಎಂದರು. ಜೀವಮಾನದಲ್ಲಿ ಯಾರೇ ತಿದ್ದಿದರೂ ತಕ್ಷಣ ತಿದ್ದಿಕೊಂಡವನು ನಾನು. "ಅವ್ವ ಎಂದೇ ಇರಲಿ ಮೇಡಂ" ಎಂದೆ. ಹಿಂದೆ ಮಂಕರಿ ಹೊತ್ತು ನಿಂತಿದ್ದ ಅವ್ವ, ನಾನು ಕೆಲಸ ಕಳೆದುಕೊಂಡೆನೆಂದು ಕಣ್ಣು ಮುಚ್ಚಿಕೊಂಡಳು.

ಕಳೆದುಕೊಳ್ಳಲಿಲ್ಲ. ಕೆಲವು ತಿಂಗಳ ನಂತರ ವರದಿ ಬಂತು. ಹಲ್ಲಿನೊಳಗೆ ಹಳಬರದ್ದು ಏನೂ ಉಳಿದಿರಲಿಲ್ಲ. ಬಿಸಿಲು ನಮಗಿಂತ ಮೊದಲೇ ಮುಟ್ಟಿಬಿಟ್ಟಿತ್ತು. ಮೇಲೆ ಸಿಕ್ಕದ್ದೆಲ್ಲ ನಮ್ಮದೇ. ಒಂದೇ ಹಾಳೆಯಲ್ಲಿ ಇರಲು ಒಪ್ಪದ ಬಸವಣ್ಣಪ್ಪನವರು ಒಂದೇ ಹಲ್ಲಿನ ಮೇಲೆ ಅವ್ವನೊಡನೆ ತಕರಾರಿಲ್ಲದೆ ಇದ್ದರು. ಆದರೆ ಅತಿ ಹೆಚ್ಚು ಪಾಲು ನನ್ನದು. ಅವ್ವನ ಸೆರಗಿಗಿಂತ ನನ್ನ ವ್ಯಾಕರಣಶುದ್ಧ ವಾಕ್ಯವೇ ಹೆಚ್ಚು ಉಗುಳು ಸಿಡಿಸಿತ್ತು. ಪಟ್ಟಿ ಪೂರ್ತಿಯಿದ್ದುದರಿಂದ ಗೊಂದಲವಾಗಲಿಲ್ಲ ಎಂದು ಮೇಡಂ ನನ್ನನ್ನು ಮತ್ತೆ ಕರೆದರು. ಈ ಸಲ ಕಿವಿಯೊಳಗಿನ ಗಟ್ಟಿ ಮೂಳೆ ಬೇಕು, ಅದರಲ್ಲಿ ಉಳಿದಿದ್ದರೂ ಉಳಿದೀತು ಎಂದರು.

ಮೊನ್ನೆ ಆ ಮೂಳೆ ಸಿಕ್ಕಿತು. ಅವ್ವನ ಕೈ ಅದರತ್ತ ಹೋದದ್ದೇ ತಡ, ಹಕಾರದ ಹಂಗಿಲ್ಲದೆ, ಚಂದಕವಾಡಿಯ ಬಸ್ಸಿನವರಿಗೂ ಕೇಳುವಂತೆ ಕೂಗಿದೆ: "ಅವ್ವಾ! ಮುಟ್ಬ್ಯಾಡ!"

ಅವ್ವ ನಿಧಾನವಾಗಿ ತಲೆಯೆತ್ತಿದಳು. ಬಾಯಿಗೆ ಬಟ್ಟೆಯಿತ್ತು, ಎರಡೂ ಕೈಗೆ ಗವಸಿತ್ತು. "ಯಾಕ್ಲಾ ಸಾರ್ ಇಂಗ್ ಅರಚ್ಕತೀಯೆ? ನಂದೆಲ್ಲ ಸರಿಯಾಗದೆ. ನಿನ್ ಕೈ ಎಲ್ಲದೆ ನೋಡ್ಕೊ ಮೊದ್ಲು."

ನೋಡಿಕೊಂಡೆ. ಕೂಗುವ ಭರದಲ್ಲಿ ಮುಂದಕ್ಕೆ ಚಾಚಿದ ನನ್ನ ಬರಿಗೈಯ ತೋರುಬೆರಳು ನೇರವಾಗಿ ಮೂಳೆಯ ಮೇಲಿತ್ತು.

ಈ ಹಂಗಾಮಿನ ಪಟ್ಟಿಯಲ್ಲಿ ಒಂದೇ ಹೆಸರಿದೆ. ಬೇರೆ ಯಾರೂ ಇಲ್ಲದ ಕಾರಣ ರಕ್ತಸಂಬಂಧದ ಅಂಕಣದಲ್ಲಿ 'ಇಲ್ಲ' ಎಂದು ಬರೆಯುವುದು ನಿಯಮ. ನಾನು 'ಚಿಕ್ಕತಾಯಮ್ಮನ ಮಗ' ಎಂದು ಬರೆದಿದ್ದೇನೆ.