ಕಂಪ್ಯೂಟರಿನಲ್ಲಿ ಅತ್ತೆಯಾದ ಹೆಂಡತಿ

ಇಂದ,
ಬೀರೇಶ್ ಬಿನ್ ಚನ್ನಪ್ಪ, ತೆಂಗು ಬೆಳೆಗಾರ,
ಗಂಡಸಿ ಹೋಬಳಿ, ಅರಸೀಕೆರೆ ತಾಲ್ಲೂಕು.

ಗೆ,
ಅಧ್ಯಕ್ಷರು, ಹೊಂಗರಿ ತೆಂಗು ಬೆಳೆಗಾರರ ಸೊಸೈಟಿ.

ವಿಷಯ: ಅರ್ಜಿದಾರನ ಹೆಂಡತಿಯನ್ನು ಹೆಂಡತಿಯಾಗಿಯೇ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ಸದರಿ ಹೆಂಡತಿಯವರು ಸೋಮವಾರ ಬಾಗಿಲ ಮರೆಯಿಂದ ನೀಡಿದ ಮೌಖಿಕ ಆದೇಶ.

ಮಾನ್ಯರೇ,

೧. ಬೀರೇಶನ ಅತ್ತೆ ಹುಚ್ಚಮ್ಮನವರು ಮಗಳ ಮನೆಯಲ್ಲೇ ಇರುವವರು. ಅವರ ಮಂಡಿನೋವಿಗೆ ಸೊಸೈಟಿಯ ಆರೋಗ್ಯ ಕಾರ್ಡು ಬೇಕಾಗಿ ಬೀರೇಶನು ಅವರನ್ನು ತಮ್ಮ ಕಚೇರಿಗೆ ಕರೆತಂದನು. ಕಂಪ್ಯೂಟರಿನಲ್ಲಿ 'ಸಂಬಂಧ' ಎಂಬ ಖಾನೆಯ ಬಾಣ ಒತ್ತಿದರೆ ಪಟ್ಟಿಯೊಂದು ಕೆಳಗಿಳಿಯುತ್ತದೆ: ಹೆಂಡತಿ, ಮಗ, ಮಗಳು, ತಾಯಿ. ಇಷ್ಟರಲ್ಲೇ ಆರಿಸಬೇಕು, ಬೇರೆ ಬರೆಯಲು ಬರುವುದಿಲ್ಲ. ಆದ್ದರಿಂದ 'ತಾಯಿ' ಎಂದು ಒತ್ತಿ ಕಾರ್ಡು ಕೊಟ್ಟರು.

೨. "ಈ ದಾಂಡಿಗನ್ನ ನಾನ್ಯಾವಾಗ ಹೆತ್ತೆ? ಅತ್ತೆ ಅಂತ ಸೇರ್ಸಪ್ಪ" ಎಂದು ಹುಚ್ಚಮ್ಮನವರು ಪ್ರೋಗ್ರಾಂ ಬರೆದ ಮೋಹನ್‌ಕುಮಾರ್ ಎದುರು ಕುಳಿತೇಬಿಟ್ಟರು. ಆತ ಪಟ್ಟಿಯ ಕೊನೆಯಲ್ಲಿ ಸೇರಿಸಲು ಹೋದಾಗ, "ಹಿರೀಳು ಕಣಪ್ಪ ನಾನು. ಊಟದ ಪಂಕ್ತೀಲೂ ನನ್ನ ತುದೀಗೆ ಯಾರೂ ಕೂರ್ಸಿಲ್ಲ" ಎಂದರು. ಆದ ಕಾರಣ 'ಅತ್ತೆ'ಯನ್ನು 'ಹೆಂಡತಿ'ಗಿಂತ ಮೇಲೆ ಕೂರಿಸಲಾಯಿತು.

೩. ಕಂಪ್ಯೂಟರು ನೆನಪಿಟ್ಟುಕೊಳ್ಳುವುದು ಸಂಬಂಧವನ್ನಲ್ಲ, ಅದು ಪಟ್ಟಿಯಲ್ಲಿ ಎಷ್ಟನೆಯದು ಎಂಬುದನ್ನು ಮಾತ್ರ ಎಂದು ಆಮೇಲೆ ತಿಳಿಯಿತು. ಆದ ಕಾರಣ ಹಿಂದೆ ಬರೆಸಿದವರೆಲ್ಲ ಒಂದೊಂದು ಜಾಗ ಜಾರಿದರು. ಹೊಸದಾಗಿ ಅಚ್ಚಾಗಿ ಬಂದ ಕಾರ್ಡುಗಳಲ್ಲಿ ಹೋಬಳಿಯ ಹೆಂಡತಿಯರೆಲ್ಲ ಅತ್ತೆಯರಾದರು. ಗಂಡುಮಕ್ಕಳು ಹೆಂಡತಿಯರಾದರು. 'ತಾಯಿ'ಯಾಗಿದ್ದ ಹುಚ್ಚಮ್ಮನವರು ಅಳಿಯನಿಗೆ ಮಗಳಾಗಿ, "ಮಗ್ಳು ಅಂದ್ಮ್ಯಾಕೆ ಗೌರಿ ಹಬ್ಬಕ್ಕೆ ನಂಗೂ ತವರಿನ ಸೀರೆ ಬರ್ಬೇಕಲ್ವ್ರಾ ಅಳಿಯಂದ್ರೆ" ಎಂದು ಕೇಳುತ್ತಿದ್ದಾರೆ.

೪. ಸೀರೆಯನ್ನಾದರೂ ತರಬಹುದು. ಆದರೆ ಹೆಂಡತಿ ರಾಣಿಯವರು, ಅತ್ತೆಯಾದವಳು ಅಳಿಯನ ಎದುರು ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲವೆಂದು ಸೆರಗು ಹೊದ್ದು ಬಾಗಿಲ ಮರೆ ಸೇರಿದ್ದಾರೆ. "ಅಳಿಯಂದ್ರಿಗೆ ಮುದ್ದೆ ಮಡಗೈತೆ, ಉಂಡು ಜಗಲೀಲಿ ಮಲಗ್ಲಿ" ಎಂದು ಗೋಡೆಗೆ ಹೇಳುತ್ತಾರೆ. "ತಮಾಷೆ ಸಾಕು, ಬಾರೇ" ಎಂದರೆ, "ಅತ್ತೇನ ಬಾರೇ ಅಂತಾರಾ? ಮೊದ್ಲು ಕಾರ್ಡ್ ತಿದ್ದಿಸ್ಕಂಡು ಬರ್ಲಿ" ಎನ್ನುತ್ತಾರೆ. ಜಗಲಿಯ ಸೊಳ್ಳೆಗಳು ಬೀರೇಶನನ್ನು ಕಂಬಳಿ ಸಮೇತ ಎತ್ತಿಕೊಂಡು ಹೋಗಿ, ಭಾರವೆಂದು ಊರ ಬಸ್‌ಸ್ಟಾಪಿನಲ್ಲಿ ಇಳಿಸಿರುತ್ತವೆ.

ಆದ್ದರಿಂದ 'ಅತ್ತೆ'ಯನ್ನು ಪಟ್ಟಿಯ ಕೊನೆಗೆ ಕೂರಿಸಿ, ಹೋಬಳಿಯ ಸಂಸಾರಗಳನ್ನು ಯಥಾಸ್ಥಿತಿಗೆ ತರಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಬೀರೇಶ್
(ಕಾರ್ಡಿನ ಪ್ರಕಾರ ರಾಣಿಯವರ ಅಳಿಯ)
ಸ್ಥಳ: ಜಗಲಿ

ಲಗತ್ತು:
ಕಾರ್ಡಿನ ಜೆರಾಕ್ಸ್.
ಸೊಳ್ಳೆ ಕಡಿದ ಎಡಗೈ (ಖುದ್ದು ಹಾಜರುಪಡಿಸಲಾಗುವುದು).

ವಿ.ಸೂ.: ಕೊನೆಗೆ ಕೂರಿಸಿದ್ದು ಅಳಿಯನ ಮಾತಿನಿಂದಲ್ಲ, ಕಂಪ್ಯೂಟರಿನ ಹಟದಿಂದ ಎಂದು ಹುಚ್ಚಮ್ಮನವರ ಹೆಸರಿಗೆ ಮೊಹರು ಹಾಕಿದ ಪತ್ರವೊಂದನ್ನೂ ದಯಪಾಲಿಸಬೇಕು. ಪತ್ರ ಮೊದಲು ಬರಲಿ, ತಿದ್ದುಪಡಿ ಆಮೇಲೆ ಆಗಲಿ.