ಟ್ರಸ್ಟಿನ ಸಾಹೇಬ್ರು ಬಂದಾರ್ರಿ

ಹಂಚಿಕೊಡುವ ಕೆಲಸ ಹಿಡಿದವನಿಗೆ ಇಂಥ ಪೇಚುಗಳು ಆಗುತ್ತಲೇ ಇರುತ್ತವೆ. ಒಂದು ಊರಲ್ಲಿ ತಪ್ಪಿಸಿಕೊಂಡರೆ ಮುಂದಿನ ಊರಲ್ಲಿ ಕಾದು ಕೂತಿರುತ್ತವೆ. ಎಂಬತ್ತರ ದಶಕದಲ್ಲಿ ನಾನು ಕಲಬುರ್ಗಿಯ ಒಂದು ಸಣ್ಣ ಟ್ರಸ್ಟಿನಲ್ಲಿದ್ದೆ. ತೊಗರಿಬೇಳೆ ಗಿರಣಿಯ ಸಾಹುಕಾರರೊಬ್ಬರು ತಮ್ಮ ತಂದೆಯ ನೆನಪಿಗೆ ಮಾಡಿದ್ದು. ಶಾಲೆಗೆ ಪಾಟಿ-ಬಳಪ, ಭಜನೆಯವರಿಗೆ ತಾಳ, ಬಯಲಾಟದವರಿಗೆ ವೇಷ, ಹೀಗೆ ಸಣ್ಣಪುಟ್ಟ ನೆರವು. ಕೊಡುವವರು ಸಾಹುಕಾರರು. ಕೊಟ್ಟದ್ದು ಏನಾಯಿತೆಂದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಸ್ಸುಗಳಲ್ಲಿ ಜೋತಾಡಿಕೊಂಡು ಹೋಗಿ ನೋಡಿಬರುವವನು ನಾನು. ಬೆನ್ನುನೋವು ನನ್ನದು, ಪುಣ್ಯ ಅವರದು.

ಪೆಟ್ಟಿಗೆ ಮತ್ತು ಕೀಲಿಕೈ

ಮಟಕಿಯ ಕಡೆ ಒಂದು ಊರಿನ ಭಜನಾ ಮಂಡಳಿಗೆ ಹಾರ್ಮೋನಿಯಂ ಕೊಟ್ಟಿದ್ದೆವು. ಕಟ್ಟಿಗೆಯ ಪೆಟ್ಟಿಗೆ, ಅದಕ್ಕೊಂದು ಹಿತ್ತಾಳೆಯ ಕೀಲಿ. ಮರುವರ್ಷ ಹೋಗುವುದರೊಳಗೆ ಮಂಡಳಿ ಒಡೆದು ಎರಡಾಗಿತ್ತು. ಮೇಲಿನ ಓಣಿಯವರು ಪೆಟ್ಟಿಗೆ ಇಟ್ಟುಕೊಂಡಿದ್ದರು, ಕೆಳಗಿನ ಓಣಿಯವರು ಕೀಲಿಕೈ ಇಟ್ಟುಕೊಂಡಿದ್ದರು. ಹಾರ್ಮೋನಿಯಂ ಒಳಗೆ ತೆಪ್ಪಗೆ ಕೂತಿತ್ತು.

"ಕೀಲಿಕೈ ಕೊಡ್ರಿ," ಎಂದು ಕೆಳಗಿನ ಓಣಿಯ ಹಿರಿಯನನ್ನು ಕೇಳಿದೆ.

"ಪೆಟಗಿ ತಂದು ಇಲ್ಲಿಡ್ಲಿ, ಕೊಡ್ತೇನಿ."

ಮೇಲಿನ ಓಣಿಗೆ ಹೋದೆ.

"ಅವ್ರು ಕೀಲಿಕೈ ತಂದು ಕೊಡ್ಲಿ, ಆಮ್ಯಾಲ ಪೆಟಗೀ ಮಾತು."

ಉರಿಬಿಸಿಲಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ತಿರುಗಿ ತಿರುಗಿ ನನ್ನ ಕಾಲು ಸೋತವು. ಕೊನೆಗೆ ಕಟ್ಟೆಯ ಮೇಲೆ ಕುಕ್ಕರಿಸಿ ಹೇಳಿದೆ: "ಒಂದು ಕಲ್ಲು ತರ್ರಿ. ಕೀಲಿ ಒಡದೇ ಬಿಡ್ತೇನಿ."

ಎರಡೂ ಓಣಿಯವರು ಓಡಿ ಬಂದು ಪೆಟ್ಟಿಗೆಗೆ ಅಡ್ಡ ನಿಂತರು. "ಟ್ರಸ್ಟಿನವರು ಪ್ರೀತಿಲೆ ಕೊಟ್ಟ ಸಾಮಾನು, ನೀವು ಯಾರ್ರಿ ಒಡ್ಯಾಕ?" ಎಂದು ಹಿರಿಯ ಕೂಗಿದ. "ಹೌದೌದು!" ಎಂದು ಮೇಲಿನ ಓಣಿಯವರು ಅವನ ಹಿಂದೆ ನಿಂತರು.

ಅಂದೇ ಇಬ್ಬರೂ ಕೂಡಿ ಪೆಟ್ಟಿಗೆ ತೆರೆದರಂತೆ. ಒಂದಾದ ಮಂಡಳಿ ಮಾಡಿದ ಮೊದಲ ಕೆಲಸವೆಂದರೆ ನನ್ನ ಮೇಲೆ ಸಾಹುಕಾರರಿಗೆ ತಕರಾರು ಹೇಳಿ ಕಳಿಸಿದ್ದು.

ಹೆಸರು ಬರೆದವಳು

ಕೊಳಕೂರ ದಾಟಿ ಒಂದು ಹಳ್ಳಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ವರ್ಗ ನಡೆಯುತ್ತಿತ್ತು. ಪಾಟಿ, ಕಂದೀಲು ನಮ್ಮವು. ಮುಂದಿನ ವರ್ಷಕ್ಕೂ ಕೊಡಬೇಕೋ ಬೇಡವೋ ಎಂದು ನಾನು ನೋಡಿ ಹೇಳಬೇಕು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಉಳಿದ ದಾರಿ ನಡೆದು, ಮಧ್ಯಾಹ್ನ ಮುಟ್ಟಿದೆ. ಮಾಸ್ತರ ಗಾಬರಿಯಾಗಿ ಓಡಾಡಿ, ನಾನು ನೀರು ಕುಡಿಯುವುದರೊಳಗೆ ವರ್ಗದ ತುಂಬ ವಿದ್ಯಾರ್ಥಿಗಳನ್ನು ಕೂಡಿಸಿಬಿಟ್ಟ.

"ಒಬ್ಬೊಬ್ಬರು ನಿಮ್ಮ ಹೆಸರು ಬರೀರಿ," ಎಂದೆ.

ಎಲ್ಲರದೂ ಮುತ್ತಿನಂಥ ಅಕ್ಷರ. ಮಾಸ್ತರ ಬೆವರು ಒರೆಸಿಕೊಳ್ಳುತ್ತ, "ಭಾಳ ಹುಷಾರ ಮಂದಿ ಅದಾರ್ರಿ," ಎಂದ. ಮುಂದಿನ ಸಾಲಿನ ಮುದುಕರೊಬ್ಬರು ಹೆಸರು ಬರೆದು, ಕೆಳಗೆ ಗೀಟು ಎಳೆದು, ಅಭ್ಯಾಸಬಲದಿಂದ "ನಿವೃತ್ತ ಪೋಸ್ಟ್ ಮಾಸ್ತರ" ಎಂದೂ ಬರೆದುಬಿಟ್ಟರು.

ನನಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ಮಾಸ್ತರನ ಮುಖ ನೋಡಿದೆ.

"ಖರೇ ಕಲಿಯೋರು ಹೊಲದಾಗ ಅದಾರ್ರಿ ಸಾಹೇಬ್ರ," ಎಂದ ಅವನು, ಅಳುವ ದನಿಯಲ್ಲಿ. "ಸಂಜಿಗಿ ಬರ್ತಾರ. ನೀವು ಹಗಲಿಗೇ ಬಂದ್ರಿ. ವರ್ಗ ಬಂದ್ ಮಾಡ್ತಾರಂತ ಅಂಜಿ ಇವರಿಗಿ ಕರದೆ."

ಆಗ ಹೊಲದಿಂದ ಬರುತ್ತಿದ್ದ ಒಬ್ಬ ಹೆಂಗಸು ಗದ್ದಲ ಕೇಳಿ ಬಾಗಿಲಲ್ಲಿ ನಿಂತಳು. ಅವಳೇ ಖರೇ ವಿದ್ಯಾರ್ಥಿನಿ. ಕುಡಗೋಲು ಹೊಸ್ತಿಲ ಬಳಿ ಇಟ್ಟು, ಕೈ ಸೆರಗಿಗೆ ಒರೆಸಿ, ಬಳಪ ಹಿಡಿದಳು. ಹಲಗೆಯ ಮೇಲೆ "ಶಾಂತವ್ವ" ಎಂದು ಬರೆಯುವಷ್ಟರಲ್ಲಿ ಅವಳ ಹಣೆಯ ಮೇಲೆ ಬೆವರು. ಶಾ ಒಂದು ಕಡೆ ವಾಲಿತ್ತು, ಸೊನ್ನೆ ಎಲ್ಲೋ ಕಳೆದುಹೋಗಿತ್ತು.

ಪೋಸ್ಟ್ ಮಾಸ್ತರರಿಗೆ ತಡೆಯಲಾಗಲಿಲ್ಲ. "ಯವ್ವಾ, ಸೊನ್ನಿ ಬಿಟ್ಟಿ ನೋಡು. ತಪ್ಪಾತು."

ಅವಳು ತಿರುಗಿ ನಿಂತಳು. "ನನ್ನ ಹೆಸರು ಅದ. ಇಷ್ಟು ದಿನ ನೀವೆಲ್ಲ ಹ್ಯಾಂಗ ಬೇಕೋ ಹಾಂಗ ಬರಕೊಂಡ್ರಿ, ನಾ ಏನರ ಅಂದೇನೇನು?"

ಪಾಟಿ, ಕಂದೀಲು ಮುಂದಿನ ವರ್ಷಕ್ಕೂ ಹೋದವು. ಪೋಸ್ಟ್ ಮಾಸ್ತರರು ಮಾತ್ರ ಮತ್ತೆ ಆ ವರ್ಗದ ಹತ್ತಿರ ಸುಳಿಯಲಿಲ್ಲವಂತೆ.

ಮಂಜೂರಾತಿ

ಆಳಂದದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ನಾನು ಟ್ರಸ್ಟಿನವನೆಂದು ಗುರುತು ಹಿಡಿದ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ಕೂತು, ಮಗಳ ಮದುವೆಗೆ ನೆರವು ಕೇಳಿದರು.

"ಮದುವಿಗೆ ನಾವು ಕೊಡೂದಿಲ್ರಿ. ಶಿಕ್ಷಣ, ಕಲಾ, ಸಮಾಜದ ಕೆಲಸ, ಇಷ್ಟಕ್ಕೇ."

ಅವರು ತುಸು ಯೋಚಿಸಿದರು. "ಮದುವ್ಯಾಗ ಬ್ಯಾಂಡ್ ಬಾರಸ್ತಾರ. ಅದು ಕಲಾ ಅಲ್ಲೇನ್ರಿ?"

"ಅಲ್ರಿ."

"ಇಡೀ ಓಣಿ ಊಟಕ್ಕ ಬರ್ತದ. ಸಮಾಜ ಆತಿಲ್ರಿ?"

"ಇಲ್ರಿ ಯಜಮಾನ್ರ."

"ಅಳಿಯ ಬಿ.ಎ. ಫೇಲ್ ಆಗ್ಯಾನ. ಶಿಕ್ಷಣದಾಗ ಹಾಕ್ರಿ."

ನಾನು ಅವರಿಗೂ ಒಂದು ಚಹಾ ಹೇಳಿದೆ. ಅವರು ಕಪ್ಪಿನೊಳಗೆ ಇಣುಕಿ ನೋಡಿ, "ಇಷ್ಟೇ ಮಂಜೂರಾತೇನ್ರಿ?" ಎಂದರು.

ರಾಕ್ಷಸನ ಕಿರೀಟ

ಸಾಹುಕಾರರಿಗೆ ಆಟಕ್ಕೆ ಕೊಡುವುದು ಮೊದಲಿನಿಂದ ಮನಸ್ಸಿಗೆ ಬಂದಿರಲಿಲ್ಲ. "ಶಾಲೀ ಗ್ವಾಡಿ ಕಟ್ಟಿಸಿದ್ರ ನಿಲ್ತದ. ಆಟ ಮುಂಜಾನಿಗಿ ಮುಗೀತದ. ಈ ವರ್ಷದಿಂದ ಬಂದ್ ಮಾಡ್ರಿ," ಎಂದರು. ಕೈಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಒಂದು ಸಲ ಕಣ್ಣಿಲೆ ನೋಡ್ರಿ. ಆಮ್ಯಾಲ ಬಂದ್ ಮಾಡ್ರಿ."

ಅತನೂರ ಹತ್ತಿರದ ಹಳ್ಳಿಯೊಂದರ ದೊಡ್ಡಾಟದವರಿಗೆ ಅದೇ ಆಗ ಹೊಸ ಕಿರೀಟ ಕೊಟ್ಟಿದ್ದೆವು. ನಾನು ಮುಂಚಿನ ದಿನವೇ ಹೋಗಿ ಎಲ್ಲರಿಗೂ ಹೇಳಿದೆ: "ಸಾಹುಕಾರ್ರು ಬರ್ತಾರ. ಕೊಟ್ಟ ಸಾಮಾನು ಜ್ವಾಕಿ ಮಾಡ್ತೀರೋ ಇಲ್ಲೋ, ಅದನ್ನೇ ನೋಡ್ತಾರ. ಕಿರೀಟಕ್ಕ ಒಂದು ಗೀರು ಬೀಳಬಾರ್ದು." ರಾಕ್ಷಸನ ಪಾತ್ರದವನು ಬಳೆ ಮಾರುವ ಸಾಬ. ಅವನು ಎದೆ ಮುಟ್ಟಿಕೊಂಡು, "ಖುದಾನ ಆಣಿ ಸಾಬ್, ನನ್ನ ತಲೀ ಹೋದ್ರೂ ಕಿರೀಟ ಹೋಗೂದಿಲ್ಲ," ಎಂದ.

ಸಾಹುಕಾರರು ರಾತ್ರಿ ನಿಲ್ಲುವುದಿಲ್ಲವೆಂದು ಆಟವನ್ನು ಮಧ್ಯಾಹ್ನಕ್ಕೇ ಇಟ್ಟರು. ಶಾಲೆಯ ಮುಂದಿನ ಬಯಲೇ ರಂಗ. ಸಾಹುಕಾರರ ಬಿಳೀ ಧೋತರಕ್ಕೆ ಧೂಳು ಹತ್ತಬಾರದೆಂದು ಊರವರು ಕೊಡಗಟ್ಟಲೆ ನೀರು ಹೊಡೆದಿದ್ದರು. ಅದು ಎರೆಮಣ್ಣು. ಧೂಳು ಹೋಗಿ ಪೂರಾ ರಾಡಿಯಾಯಿತು.

ಸಾಹುಕಾರರು ಮುಂದಿನ ಕುರ್ಚಿಯಲ್ಲಿ ಮುಖ ಬಿಗಿದುಕೊಂಡು ಕೂತರು. ಎರಡು ಸಲ ಆಕಳಿಸಿದರು. ನಾನು ಅವರ ಹಿಂದೆ ನಿಂತು, ನಾಳೆಯಿಂದ ಆಟದವರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಕೊನೆಗೆ ಯುದ್ಧ ಬಂತು. ದೇವಿಯ ಪಾತ್ರದಲ್ಲಿದ್ದ ದರ್ಜಿ ತ್ರಿಶೂಲ ಎತ್ತಿ, "ಎಲೈ ದುಷ್ಟನೇ, ಇಗೋ ನಿನ್ನ ಅಂತ್ಯ!" ಎಂದು ಗುಡುಗಿದ. ತಮಟೆ, ತಾಳ ಒಮ್ಮೆಲೇ ಎದ್ದವು. ರಾಕ್ಷಸ "ಅಯ್ಯೋ, ಹತನಾದೆ!" ಎಂದು ಕೂಗಿ, ಎದೆ ಹಿಡಿದು, ಗಿರ್ರನೆ ತಿರುಗಿ, ಇನ್ನೇನು ಬೀಳಬೇಕು, ಕೆಳಗೆ ನೋಡಿದ. ರಾಡಿ.

ನಿಂತುಬಿಟ್ಟ.

ಕೈ ಎತ್ತಿ ತಮಟೆಯವರನ್ನು ಸುಮ್ಮನಾಗಿಸಿದ. ಕಾಲು ಎತ್ತೆತ್ತಿ ಇಡುತ್ತ ನೇರ ಸಾಹುಕಾರರ ಮುಂದೆ ಬಂದು, ಕಿರೀಟ ಎರಡೂ ಕೈಯಿಂದ ತೆಗೆದು, ಅವರ ತೊಡೆಯ ಮೇಲಿಟ್ಟ. "ತುಸು ಹಿಡೀರಿ ಮಾಲಕ. ಸತ್ತು ಬರ್ತೇನಿ," ಎಂದ.

ಅಲ್ಲಿ ದೇವಿ ತ್ರಿಶೂಲ ಎತ್ತಿಕೊಂಡೇ ನಿಂತಿದ್ದಳು. "ಲೇ, ಜಲ್ದಿ ಬಂದು ಸಾಯೋ! ಕೈ ಸೋತವು!" ಎಂದು ಒದರಿದಳು.

ರಾಕ್ಷಸ ಓಡಿಹೋಗಿ ಮತ್ತೆ "ಹತನಾದೆ!" ಎಂದು ಕೂಗಿ ರಾಡಿಯಲ್ಲಿ ಧೊಪ್ಪನೆ ಬಿದ್ದ. ಕೆಸರು ಹಾರಿ ಸಾಹುಕಾರರ ಧೋತರ, ಅಂಗಿ, ಕನ್ನಡಕ ಎಲ್ಲ ಕರ್ರಗಾದವು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಸಾಹುಕಾರರು ಬಾಗಿ ಕೂತಿದ್ದಾರೆ, ಎರಡೂ ಕೈ ಕಿರೀಟದ ಮೇಲೆ ಮರೆಮಾಡಿ. ಅದಕ್ಕೆ ಒಂದು ಹನಿ ತಾಗಿರಲಿಲ್ಲ. ರಾಡಿಯಲ್ಲಿ ಸತ್ತು ಬಿದ್ದಿದ್ದ ರಾಕ್ಷಸ ತಲೆ ಎತ್ತಿ ನೋಡಿ, ಸಮಾಧಾನದಿಂದ ಮತ್ತೆ ಸತ್ತ.

ಜೀಪು ಕಲಬುರ್ಗಿಯ ದಾರಿ ಹಿಡಿದ ಮೇಲೆ ಸಾಹುಕಾರರು ಅಂಗಿಯ ಮೇಲಿನ ಕೆಸರು ಕೆರೆಯುತ್ತ ಕೂತರು. ಬಂದ್ ಎಂಬ ಮಾತು ಯಾವಾಗ ಬರುತ್ತದೋ ಎಂದು ನಾನು ಸುಸ್ತಾಗಿ ಕಾಯುತ್ತಿದ್ದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು:

"ಮುಂದಿನ ವರ್ಷ ಆ ರಾಕ್ಷಸಗ ಒಂದು ಜಮಖಾನಾ ಕೊಡಸ್ರಿ. ಪಾಪ, ಸಾಯಾಕ ಒಂದು ಚಂದ ಜಾಗಾ ಇಲ್ಲ."