ಲಾಲ್‌ಬಾಗ್ ಖೋಲಿಯಲ್ಲಿ ಯಾರ ಪಾಳಿ?

ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತರೂ ನಗುವ ಪ್ರಸಂಗಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ ಎಂದು ನನಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಆಯುಷ್ಯ ಸವೆಸಿದ ನಾನು ಈಗ ಲಾಲ್‌ಬಾಗ್‌ನ ಹಳೇ ಚಾಳ್‌ನ ಸಾಲುಕೋಣೆಗಳಲ್ಲಿ ಒಂದು ಖೋಲಿ ಕಾಯುತ್ತೇನೆ. ಹಿಂದೆ ಬಟ್ಟೆ ಗಿರಣಿಯ ಕಾರ್ಮಿಕರು ಹೇಗೆ ಬದುಕಿದರೆಂದು ತೋರಿಸಲು ಒಂದು ಟ್ರಸ್ಟ್ ಅದನ್ನು ಮ್ಯೂಸಿಯಂ ಮಾಡಿದೆ. ಗಿರಣಿಗಳಿದ್ದಲ್ಲಿ ಈಗ ಗಾಜಿನ ಟವರ್‌ಗಳು. ಈ ಖೋಲಿಯನ್ನೂ ಮುಚ್ಚಿ ಗೋದಾಮು ಮಾಡುವ ಮಾತು ಟ್ರಸ್ಟಿನಲ್ಲಿ ನಡೆದಿತ್ತು. ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಹೋಟೆಲ್ ಬುದ್ಧಿ

ಹೊಸತರಲ್ಲಿ ಒಬ್ಬ ಪ್ರೊಫೆಸರ್ ಬಂದು ಬೆಂಚಿನ ಮೇಲೆ ಕೂತು ಗೋಡೆಯ ಫೋಟೋಗಳನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಇನ್ನಿಬ್ಬರು ಬಂದು ನಿಂತರು. ನನ್ನ ಕೈ ಸುಮ್ಮನಿರಬೇಕಲ್ಲ! ಒದ್ದೆ ಬಟ್ಟೆ ತಂದು ಪ್ರೊಫೆಸರರ ಮುಂದಿನ ಮೇಜು ಒರೆಸಿದೆ. ಏಳಲಿಲ್ಲ. ಇನ್ನೊಮ್ಮೆ ಒರೆಸಿ, ಫ್ಯಾನ್ ಆರಿಸಿದೆ.

ಅವರು ನಿಧಾನಕ್ಕೆ ತಲೆ ಎತ್ತಿ ಹೇಳಿದರು, "ಬಿಲ್ ತನ್ನಿ, ಏಳ್ತೀನಿ."

ಮಸಿ

ಖೋಲಿ ಗುಡಿಸಲು ವಿಜಯಪುರದ ಕಡೆಯ ಹೆಂಗಸೊಬ್ಬಳು ಬರುತ್ತಾಳೆ. ಒಂದು ದಿನ ನಾನು ದಾದರ್‌ಗೆ ಹೋಗಿ ಬರುವಷ್ಟರಲ್ಲಿ ಮೂಲೆಯ ಹಳೇ ಪಾತ್ರೆಗಳ ಮಸಿಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಳು. ಬಂದವರು ಹೆಚ್ಚು ಫೋಟೋ ತೆಗೆಯುತ್ತಿದ್ದುದೇ ಆ ಮಸಿಯದ್ದು.

"ಎಂಥದು ಮಾರಾಯ್ತಿ, ಅದು ಇತಿಹಾಸ ಅಲ್ವಾ!"

"ಮಂದಿ ಬಂದು ನೋಡ್ತಾರ್ರೀ. ಹಿಂಗ ಕರೀ ಭಾಂಡೆ ಇಟ್ರ, ಅಡಿಗಿ ಮಾಡಿದವರ ಮರ್ಯಾದಿ ಏನ್ ಉಳೀತು?"

ಎಂದೋ ಹೋದವರ ಮರ್ಯಾದೆಯ ಚಿಂತೆ ಇನ್ಯಾರಿಗಿತ್ತು? ಆದರೆ ಟ್ರಸ್ಟಿನವರಿಗೆ ಮಸಿ ಬೇಕು. ಹೊರಗೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಹೊಗೆ ಕಾರುವ ಸ್ಟೋವ್ ಹಚ್ಚಿ, ಬರೀ ನೀರಿಟ್ಟು, ಪಾತ್ರೆ ಕಪ್ಪಾಗಲೆಂದು ಕಾದು ಕೂತೆ. ಪಕ್ಕದ ಖೋಲಿಯ ಅಜ್ಜಿ ಬಗ್ಗಿ ನೋಡಿದರು.

"ಏನು ಬೇಯಿಸ್ತಿದ್ದೀರಿ?"

"ಇತಿಹಾಸ, ಆಜಿ."

"ಒಗ್ಗರಣೆ ಹಾಕಿ. ಘಮವೇ ಇಲ್ಲ!"

ಚಾಪೆ

ಮುಚ್ಚುವುದೋ ಬಿಡುವುದೋ ತೀರ್ಮಾನಿಸಲು ಕೊನೆಗೆ ಒಂದು ಗುರುವಾರ ಮಧ್ಯಾಹ್ನ ಟ್ರಸ್ಟಿನ ಅಧ್ಯಕ್ಷರೇ ಬರುವುದೆಂದಾಯಿತು. ಅದೇ ಮಧ್ಯಾಹ್ನ ಮುದುಕರೊಬ್ಬರು ಕೋಲೂರಿಕೊಂಡು ಬಂದರು. ಗಿರಣಿಯಲ್ಲಿ ಮಗ್ಗ ನಡೆಸಿದವರು, ಹರೆಯದಲ್ಲಿ ಇದೇ ಖೋಲಿಯಲ್ಲಿದ್ದವರು. ಆಗ ಜನ ಹೆಚ್ಚು, ಚಾಪೆ ಕಡಿಮೆ. ಒಂದು ಪಾಳಿಯವನು ಎದ್ದು ಕೆಲಸಕ್ಕೆ ಹೋದರೆ ಅದೇ ಚಾಪೆಯಲ್ಲಿ ಇನ್ನೊಂದು ಪಾಳಿಯಿಂದ ಬಂದವನು ಮಲಗಬೇಕು. ಚಾಪೆಯ ಬಿಸಿ ಆರಿದ್ದೇ ಇಲ್ಲವಂತೆ. ಹಾಗೆಂದು ಹೇಳುತ್ತಾ ಹೇಳುತ್ತಾ ಪ್ರದರ್ಶನದ ಚಾಪೆಗೆ ಒರಗಿದರು, ನಿದ್ದೆ ಹೋದರು. 'ಮುಟ್ಟಬಾರದು' ಎಂಬ ಬೋರ್ಡು ಅವರ ತಲೆದೆಸೆಯಲ್ಲೇ ಇತ್ತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದೇಬಿಟ್ಟರು, ಹಿಂದೆ ಸದಸ್ಯರ ದಂಡು. ಟ್ರಾಫಿಕ್ಕಿನಲ್ಲಿ ಸಿಕ್ಕಿ, ಲಿಫ್ಟಿಲ್ಲದೆ ಮೆಟ್ಟಿಲು ಹತ್ತಿ ಅವರ ಮುಖ ಬಾಡಿತ್ತು. "ಯಾರು ಇವರು? ಇದೇನು ಧರ್ಮಶಾಲೆಯಾ?" ಎಂದು ಗುಡುಗಿದರು. ಇನ್ನು ಗೋದಾಮೇ ಗತಿ ಎಂದುಕೊಂಡೆ.

ಮುದುಕರು ನಿದ್ದೆಗಣ್ಣಲ್ಲೇ ಗಡಬಡಿಸಿ ಎದ್ದರು. ಅಧ್ಯಕ್ಷರ ಬೆವರಿದ ಮುಖ ನೋಡಿದ್ದೇ ಚಾಪೆ ಕೊಡವಿ, "ಪಾಳಿ ಮುಗಿಯಿತಾ, ಭಾವೂ? ತಪ್ಪಾಯ್ತು, ನಾನೇ ಹೆಚ್ಚು ಮಲಗಿಬಿಟ್ಟೆ. ಬಾ, ಇದು ನಿನ್ನ ಜಾಗ" ಎಂದು ಕೈ ಹಿಡಿದು ಕೂರಿಸಿದರು. ಅಧ್ಯಕ್ಷರು ಏನೋ ಹೇಳಹೊರಟರು.

"ಮಾತು ಆಮೇಲೆ. ದಣಿದು ಬಂದವನನ್ನು ಈ ಖೋಲಿಯಲ್ಲಿ ಯಾರೂ ಏನೂ ಕೇಳುವಂತಿಲ್ಲ."

ಅಧ್ಯಕ್ಷರಿಗೆ ಅವರ ಮನೆಯಲ್ಲೂ ಯಾರೂ ಹಾಗೆ ಹೇಳಿರಲಿಕ್ಕಿಲ್ಲ. ಬೂಟು ಬಿಚ್ಚಿದರು. "ಎರಡೇ ನಿಮಿಷ" ಎಂದು ಅಡ್ಡಾದರು. ಗೊರಕೆ ಗ್ಯಾಲರಿಯವರೆಗೂ ಕೇಳಿಸಿತು. ಸದಸ್ಯರೆಲ್ಲ ಹೊರಗೆ ನಿಂತು ಪಿಸುಮಾತಿನಲ್ಲಿ ಸಭೆ ನಡೆಸಿದರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಸಂಜೆ ಎದ್ದ ಅಧ್ಯಕ್ಷರು ತಾವೇ ಚಾಪೆ ಸುತ್ತಿಟ್ಟರು. "ಖೋಲಿ ಮುಚ್ಚುವುದು ಬೇಡ" ಎಂದರು.

"ಕಾರಣ ಏನಂತ ಬರೆಯಲಿ ಸಾರ್?" ಕಾರ್ಯದರ್ಶಿ ಕೇಳಿದರು.

ಅಧ್ಯಕ್ಷರು ಬೂಟಿನ ಲೇಸು ಕಟ್ಟುತ್ತಾ ಹೇಳಿದರು, "ಪ್ರತಿ ಗುರುವಾರ ಮಧ್ಯಾಹ್ನ ನನ್ನ ಪಾಳಿ ಅಂತ ಬರೆಯಿರಿ."